ಅಣ್ಣ ಕಳಿಸಿದ ಕಂಪ್ಯೂಟರ್‌ಗಳು

ಕಚೇರಿಯ ಹಿಂದಿನ ಕೋಣೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ದವಡೆಯ ಹಲ್ಲು ಕೀಳಿಸಿದೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಭಾಷಣ ಮಾಡುತ್ತಿದ್ದೀಯೋ? ಗೆಸ್ಟ್ ಹೌಸಿನ ಹಾಸಿಗೆ ಮೆತ್ತಗಾಗಿ ನಿದ್ದೆ ಬರುವುದಿಲ್ಲ ಎಂದು ಹೋದ ಸಲ ಗೋಳಾಡಿದ್ದೆ. ಅದನ್ನು ಓದಿ ಇಲ್ಲಿ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದೇ ಇದೆ, ಅದನ್ನು ಬೈಯುವ ಶಕ್ತಿಯೂ ಇದ್ದೇ ಇದೆ. ನೀನು ಅಲ್ಲಿ ಏನು ಕಲಿಯುತ್ತಿದ್ದೀಯ ಎಂದು ಮೊನ್ನೆ ಮತ್ತೆ ಕೇಳಿದಳು. ನಾಯಕತ್ವ ಎಂದೆ. "ಅವನ ಹಿಂದೆ ಯಾರು ಹೋಗ್ತಾ ಇದ್ದಾರೆ?" ಎಂದಳು. ಯೋಚಿಸಿ ಹೇಳುತ್ತೇನೆ ಅಂತ ತಪ್ಪಿಸಿಕೊಂಡೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದರೆ ನೀನು ಮೀಟಿಂಗಿನಲ್ಲಿರುತ್ತೀಯ. ಇಮೇಲ್ ಬರೆದರೆ ಅದರಲ್ಲಿ ನಿನ್ನನ್ನು ಹೊಗಳಿದ ಸಾಲು ಯಾವುದಿದೆಯೋ ಅದಕ್ಕೆ ಮಾತ್ರ ಉತ್ತರ ಬರುತ್ತದೆ. ಕಾಗದವಾದರೆ ಕೊನೆಯ ಸಾಲಿನ ತನಕ ಓದುತ್ತೀಯ. ಒಳಗೆಲ್ಲೋ ಯಾರಾದರೂ ಚೆಕ್ ಇಟ್ಟಿರಬಹುದು ಎಂಬ ಆಸೆ ನಿನಗೆ ಚಿಕ್ಕಂದಿನಿಂದಲೂ ಇದೆ. ಇಲ್ಲಿ ಚೆಕ್ ಇಲ್ಲ. ಆದರೂ ಓದು.

ನೀನೇ ಕಟ್ಟಿದ ಈ ಕಿವಿಯಂತ್ರದ ಸಂಸ್ಥೆಗೆ ನೀನು ಕಳಿಸಿದ ಹನ್ನೊಂದು ಕಂಪ್ಯೂಟರ್‌ಗಳ ಕಥೆಯಿಂದ ಶುರು ಮಾಡುತ್ತೇನೆ. ದಾನ ಕೊಟ್ಟ ಕಂಪನಿಯವರು ತಮ್ಮ ಗೋದಾಮು ಖಾಲಿ ಮಾಡಿಕೊಂಡು ಅದಕ್ಕೆ ಔದಾರ್ಯ ಎಂದು ಹೆಸರಿಟ್ಟರು. ನೀನು ಬ್ಯಾನರಿನ ಕೆಳಗೆ ನಿಂತು, ಪ್ಲಗ್ಗೇ ಹಾಕದ ಯಂತ್ರವೊಂದರ ಮೇಲೆ ಕೈಯಿಟ್ಟು, ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡೆ. ಆ ಫೋಟೋ ಇಲ್ಲಿಗೆ ಆ ದಿನವೇ ಬಂತು, ಯಂತ್ರಗಳು ಆಮೇಲೆ ಬಂದವು. ನಾನು ಮತ್ತು ನಮ್ಮ ವ್ಯಾನಿನ ಡ್ರೈವರು ಸೇರಿ ಒಂದೊಂದಾಗಿ ಇಳಿಸಿದೆವು. ಕೀಲಿಗಳ ಸಂದಿನಲ್ಲಿ ಯಾರ್‍ಯಾರೋ ತಿಂದ ಬಿಸ್ಕತ್ತಿನ ಚೂರು. ಒಂದರ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ "ಎಸೆಯಲು" ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ಒರೆಸುವಷ್ಟು ಮರ್ಯಾದೆಯನ್ನೂ ನಿನ್ನ ದಾನಿಗಳು ನಮಗೆ ಕೊಟ್ಟಿರಲಿಲ್ಲ. ನೀನೂ ನೋಡಿರಲಿಲ್ಲ, ಫೋಟೋದಲ್ಲಿ ಬೆನ್ನು ಬರುವುದಿಲ್ಲವಲ್ಲ. ಹನ್ನೊಂದರಲ್ಲಿ ಕಣ್ಣು ಬಿಟ್ಟದ್ದು ನಾಲ್ಕು. ಆ ನಾಲ್ಕೂ ಎಷ್ಟು ಹಳೆಯವೆಂದರೆ ಕಿವಿಯಂತ್ರ ಹೊಂದಿಸುವ ನಮ್ಮ ಸಾಫ್ಟ್‌ವೇರನ್ನು ಹಾಕಲು ಹೋದರೆ, ಇದೇನು ಹೊಸ ಕಾಟ ಎಂಬಂತೆ ಗುರ್ರೆಂದು ಆರಿಹೋಗುತ್ತಿದ್ದವು.

ಆಮೇಲೆ ರಿಪೇರಿಯವನು ಬಂದ. ಅವನಿಗೆ ನಾವೆಲ್ಲ ಮದರ್‌ಬೋರ್ಡ್ ಎಂದೇ ಹೆಸರಿಟ್ಟಿದ್ದೇವೆ. ಯಾವ ಯಂತ್ರ ತೋರಿಸಿದರೂ ಅದನ್ನು ಮುಟ್ಟುವ ಮುಂಚೆಯೇ ಮುಖ ಸಪ್ಪಗೆ ಮಾಡಿಕೊಂಡು "ಮದರ್‌ಬೋರ್ಡ್ ಹೋಗಿದೆ ಮೇಡಂ" ಎನ್ನುತ್ತಾನೆ, ಹತ್ತಿರದ ನೆಂಟರ ಸಾವು ತಿಳಿಸುವವನ ಹಾಗೆ. ಒಮ್ಮೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗಲೂ ಅದನ್ನೇ ಹೇಳಿದ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಿದ, ಇನ್ನೊಂದನ್ನು ಬಿಚ್ಚಿ ಮನೆಗೆ ಒಯ್ದ. ನೀನು ಫೋನಿನಲ್ಲಿ, "ಬಿಟ್ಟಿ ಬಂದಿದ್ದಲ್ವಾ, ಸ್ವಲ್ಪ ಖರ್ಚು ಮಾಡಿ ಸರಿ ಮಾಡಿಸಿಕೊಳ್ಳಿ" ಎಂದು ಅಪ್ಪಣೆ ಕೊಟ್ಟೆ. ಆ "ಸ್ವಲ್ಪ" ನಮ್ಮ ಕಿವಿಯಂತ್ರಗಳ ಬ್ಯಾಟರಿಗಿಟ್ಟ ಹಣವನ್ನು ನುಂಗಿತು, ಆಮೇಲೆ ವ್ಯಾನಿನ ಟೈರಿನ ಹಣವನ್ನೂ ನುಂಗಿತು. ಬಿಟ್ಟಿ ಬಂದ ವಸ್ತುವನ್ನು ಸಾಕುವುದು ಎಷ್ಟು ದುಬಾರಿ ಎಂಬುದನ್ನು ನಿನ್ನ ನಾಯಕತ್ವದ ತರಗತಿಯಲ್ಲಿ ಹೇಳಿಕೊಡುವುದಿಲ್ಲವೇ? ಬೇಕಾದರೆ ನಾನು ಬಂದು ಒಂದು ಪಾಠ ಮಾಡುತ್ತೇನೆ. ಊಟ ತಿಂಡಿ ನಿನ್ನದು.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ನಿನ್ನ ದಡ್ಡತನವನ್ನು ಸಹಿಸಿಕೊಂಡು ಅಭ್ಯಾಸವಾಗಿದೆ ನನಗೆ. ಆದರೆ ಆ ಕಸವೆಲ್ಲ ಕಚೇರಿಯಲ್ಲಿ ಗುಡ್ಡೆ ಬಿದ್ದಿದ್ದ ಹೊತ್ತಿನಲ್ಲಿ ನಮ್ಮ ನಿಜವಾದ ಕೆಲಸವೆಲ್ಲ ಒಂದೇ ಒಂದು ಹಳೆಯ ಲ್ಯಾಪ್‌ಟಾಪಿನ ಮೇಲೆ ನಿಂತಿತ್ತು. ಹೊಸದು ಕೇಳಿದಾಗಲೆಲ್ಲ ನೀನು "ಹನ್ನೊಂದು ಕಳಿಸಿದ್ದೀನಲ್ಲ" ಎನ್ನುತ್ತಿದ್ದೆ. ಶಿಬಿರಕ್ಕೆಂದು ಕಲ್ಲು ಕ್ವಾರಿಯಿಂದ ಕ್ವಾರಿಗೆ ಸುತ್ತಿ ಅದರ ಹೊಟ್ಟೆಯಲ್ಲಿ ಕಲ್ಲುಪುಡಿ ತುಂಬಿತ್ತು. ಮದರ್‌ಬೋರ್ಡ್ ಒಮ್ಮೆ ಅದನ್ನು ಬಿಚ್ಚಿ, "ಇದು ಕಂಪ್ಯೂಟರೋ ಹಿಟ್ಟಿನ ಗಿರಣಿಯೋ" ಎಂದಿದ್ದ. ಅವನು ಆಡಿದ ನಿಜವಾದ ಮಾತು ಅದೊಂದೇ.

ದೊಡ್ಡ ಕ್ವಾರಿಯಲ್ಲಿ ಜಲ್ಲಿ ಹೊರುವ ಒಬ್ಬಳು ಹೆಂಗಸಿದ್ದಾಳೆ. ನಮ್ಮ ಅಮ್ಮನಿಗಿಂತ ಸ್ವಲ್ಪ ಚಿಕ್ಕವಳು. ಎಲ್ಲರೂ ಅವಳನ್ನು ಜಲ್ಲಿಯಕ್ಕ ಎನ್ನುತ್ತಾರೆ. ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು ಎರಡು ಕಿವಿಯೂ ಮಂದವಾಗಿವೆ. ಅಲ್ಲಿ ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗುತ್ತಾರೆ, ಕೂಗಿದ ಕೂಡಲೇ ಎಲ್ಲರೂ ಓಡಿ ಗೋಡೆಯ ಮರೆಗೆ ಹೋಗಬೇಕು. ಇವಳಿಗೆ ಸೈರನ್ ಕೇಳುವುದಿಲ್ಲ. ಪಕ್ಕದವರು ಓಡುವುದನ್ನು ನೋಡಿ ಓಡುತ್ತಾಳೆ. ಕಳೆದ ಶಿಬಿರದಲ್ಲಿ ಅವಳ ಕಿವಿ ಪರೀಕ್ಷೆ ಮಾಡಿದ್ದೆ. ಈ ಸಲ ಯಂತ್ರ ಕೊಡುವ ದಿನ. ತೊಳೆದ ಸೀರೆ ಉಟ್ಟು, ಕಿವಿಯ ಹಿಂದೆ ಸೋಪು ಹಚ್ಚಿ ಉಜ್ಜಿಕೊಂಡು, ಎಲ್ಲರಿಗಿಂತ ಮುಂಚೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಿವಿಯಂತ್ರಕ್ಕೆ ತಂತಿ ಜೋಡಿಸಿ, ಅವಳ ಕಿವಿಗೆ ಬೇಕಾದಷ್ಟು ದನಿ ತುಂಬಿಸುತ್ತಿದ್ದೆ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಕೀಲಿಮಣೆ ಒಂದು ಪಕ್ಕಕ್ಕೆ ಮೇಲೆದ್ದಿತು. ಒಳಗಿನ ಬ್ಯಾಟರಿ ಊದಿಕೊಂಡು ಹಲಗೆಯನ್ನೇ ಎತ್ತುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಪರದೆ ಕಪ್ಪಾಗಿ ಗೊಟಕ್ಕೆಂದಿತು. ಡ್ರೈವರು ಅದನ್ನು ಎತ್ತಿಕೊಂಡು ಹೊರಗೆ ಓಡಿ ಮರಳಿನ ಗುಡ್ಡೆಯ ಮೇಲಿಟ್ಟ, ಬೆಂಕಿ ಹತ್ತೀತೆಂದು. ಅರೆಬರೆ ಹೊಂದಿಸಿದ ಯಂತ್ರವನ್ನು ಕಿವಿಗಿಟ್ಟರೆ ಕೀ ಎಂದು ಅರಚುತ್ತದೆ, ಇರುವ ಕಿವಿಯನ್ನೂ ಕೆಡಿಸುತ್ತದೆ. ಹಾಗಾಗಿ ಅದನ್ನು ವಾಪಸು ತೆಗೆದುಕೊಂಡೆ. ಸನ್ನೆ ಮಾಡಿ, ಕಾಗದದಲ್ಲಿ ಚಿತ್ರ ಬರೆದು, ಮುಂದಿನ ವಾರ ಬರುತ್ತೇವೆಂದು ತಿಳಿಸಿದೆ. ಅವಳು ನನ್ನ ಭುಜ ತಟ್ಟಿ, "ಇರಲಿ ಬಿಡು, ನಾನೆಲ್ಲಿಗೂ ಹೋಗಲ್ಲ" ಎಂದು ಕಿವುಡರ ಗಟ್ಟಿ ದನಿಯಲ್ಲಿ ಹೇಳಿದಳು. ಇಡೀ ಸಾಲಿಗೆ ಕೇಳಿಸಿತು.

ಆ ಮುಂದಿನ ವಾರ ಬರಲೇ ಇಲ್ಲ. ಮದರ್‌ಬೋರ್ಡ್ "ಪಾರ್ಟ್ ಬರಬೇಕು" ಎಂದ. ನಿನಗೆ ಫೋನ್ ಮಾಡಿ, ಹೊಸದಕ್ಕೆ ಒಪ್ಪಿಗೆ ಕೊಡು, ಸಹಿ ನಿನ್ನದೇ ಆಗಬೇಕು ಎಂದೆ. ನೀನು "ಸೋಮವಾರ ನೋಡೋಣ" ಎಂದೆ. ಯಾವ ಸೋಮವಾರ ಎಂದು ನಾನು ಕೇಳಬೇಕಿತ್ತು. ಹೀಗೆ ಒಂದು ತಿಂಗಳೇ ಹೋಯಿತು. ಆ ತಿಂಗಳಲ್ಲೇ ಒಂದು ದಿನ ಜಲ್ಲಿಯಕ್ಕ ಕಲ್ಲಿನ ಗುಡ್ಡೆಯ ಆಚೆ ಬದಿಯಲ್ಲಿ ಒಬ್ಬಳೇ ಇದ್ದಾಗ ಸೈರನ್ ಕೂಗಿತು.

ಬದುಕಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿನಗೆ ಎದೆ ಎಂಬುದು ಇನ್ನೂ ಇದ್ದರೆ ಅದು ಧಸಕ್ಕೆನ್ನದಿರಲಿ. ಸಿಡಿದು ಬಂದ ಕಲ್ಲು ಬಲಗಡೆಯ ಭುಜಕ್ಕೆ ಬಡಿದು ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವಳ ಮಂಚ ಕಿಟಕಿಯ ಪಕ್ಕದಲ್ಲಿತ್ತು, ತೋಳಿಗೆಲ್ಲ ಬಿಳಿ ಪಟ್ಟಿ. ನನ್ನನ್ನು ಕಂಡವಳೇ ಏಳಲು ಹೋದಳು. ಏನಾಯಿತೆಂದು ಸನ್ನೆಯಲ್ಲಿ ಕೇಳಿದೆ. "ದೂರದಲ್ಲಿ ಜನ ಓಡೋದು ಕಾಣಿಸ್ತು. ಅನ್ನಕ್ಕೆ ಓಡ್ತಾ ಇದ್ದಾರೆ ಅಂದುಕೊಂಡೆ" ಎಂದು ನಕ್ಕಳು. ನಾನು ನಗಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ತುಂಬ ಕಾಳಜಿಯಿಂದ, ಮನೆಯಲ್ಲಿ ಕಾಯಿಲೆ ಬಿದ್ದವರನ್ನು ವಿಚಾರಿಸುವ ಹಾಗೆ ಕೇಳಿದಳು: "ನಿಮ್ಮ ಕಂಪ್ಯೂಟರ್ ವಾಸಿ ಆಯ್ತಾ?"

ಅಣ್ಣಾ, ಆಗುತ್ತದೆ ಎಂದು ಸನ್ನೆ ಮಾಡಿ ಎದ್ದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಿನಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ನೀನು "ಅಯ್ಯೋ" ಎಂದೆ. ಅಬ್ಬಾ, ನನ್ನ ಅಣ್ಣ ಇನ್ನೂ ಒಳಗೆಲ್ಲೋ ಇದ್ದಾನೆ ಎಂದುಕೊಂಡೆ. ಅಪ್ಪನ ಕಿವಿ ಹೋದಾಗ ದಿನಾ ಬೆಳಿಗ್ಗೆ ಅವನ ಕಿವಿಗೆ ಬಾಯಿಟ್ಟು, ಗಂಟಲು ಹರಿಯುವಂತೆ ಇಡೀ ಪೇಪರ್ ಓದಿ ಹೇಳುತ್ತಿದ್ದ ಅಣ್ಣ. ಅಪ್ಪ ತೀರಿಕೊಂಡ ಮೇಲೆ, ಬೇರೆಯವರ ಅಪ್ಪಂದಿರಿಗಾದರೂ ಕೇಳಿಸಲಿ ಎಂದು ಸಾಲ ಮಾಡಿ ವ್ಯಾನ್ ಕೊಂಡ ಅಣ್ಣ. ಆಮೇಲೆ ನೀನು ಮಾತು ಮುಂದುವರಿಸಿದೆ. "ಮಂಚದ ಮೇಲಿರೋ ಫೋಟೋ ಇದೆಯಾ? ಇಂಥ ಕಥೆಗಳು ದಾನಿಗಳಿಗೆ ತುಂಬಾ ನಾಟುತ್ತವೆ. ಅಂದಹಾಗೆ ಇನ್ನೂ ಇಪ್ಪತ್ತು ಕಂಪ್ಯೂಟರ್‌ಗೆ ಅವರನ್ನ ಒಪ್ಪಿಸಿದ್ದೀನಿ, ಲಾರಿ ಸಿಕ್ಕ ಕೂಡಲೇ ಬರ್ತವೆ." ನಾನು ಫೋನ್ ಇಟ್ಟೆ. ಲೈನ್ ಕಟ್ಟಾಯಿತೆಂದು ನೀನು ಆಮೇಲೆ ಮೆಸೇಜ್ ಕಳಿಸಿದೆ. ಲೈನ್ ಚೆನ್ನಾಗಿಯೇ ಇತ್ತು.

ಆವತ್ತಿನಿಂದ ನಾನು ನಿನ್ನ ಒಪ್ಪಿಗೆ ಕಾಯುವುದನ್ನು ಬಿಟ್ಟೆ. ಸಂಸ್ಥೆಯ ಸಮಿತಿಯ ಮೂವರನ್ನೂ ಕರೆದು ಕೂರಿಸಿದೆ. ಅವರು ನಿನಗೆ ಹೆದರುತ್ತಾರೆಂದು ತಿಳಿದಿದ್ದೆ, ನೋಡಿದರೆ ಅವರಿಗೆ ನಿನ್ನ ಮುಖವೇ ಮರೆತಿತ್ತು. ಸಹಿ ಮಾಡುವ ಅಧಿಕಾರವನ್ನು ಎರಡೇ ಮಾತಿನಲ್ಲಿ ನನಗೆ ಬದಲಾಯಿಸಿದರು. ಮೊದಲು ನಿನ್ನ ಹನ್ನೊಂದು ರತ್ನಗಳನ್ನು ಗುಜರಿಯವನಿಗೆ ಕೊಟ್ಟೆ. ತೂಗಿ ತೆಗೆದುಕೊಂಡ. ಪರದೆಗಳನ್ನು ಮಾತ್ರ, "ನಿಮ್ಮ ಮುಖ ನೋಡಿ ಒಯ್ತೀನಿ" ಎಂದ. ಆಮೇಲೆ ನಿನ್ನ ಕೋಣೆಯ ಬೀಗ ತೆಗೆಸಿದೆ. ಎಸಿ ಯಂತ್ರ, ತಿರುಗುವ ಕುರ್ಚಿ, ಆನೆ ಮಲಗುವಷ್ಟು ದೊಡ್ಡ ಮೇಜು. ನಾವು ಐದು ಜನ ಹಿಂದಿನ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದಾಗ ಆ ಕೋಣೆ ತಿಂಗಳುಗಟ್ಟಲೆ ಧೂಳು ತಿನ್ನುತ್ತಿತ್ತು. ಅದನ್ನೀಗ ಒಬ್ಬ ಟೈಲರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ನಿನ್ನ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಾನೆ. ಆ ಮೇಜಿನ ಮೇಲೆ ಯಾರಾದರೂ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅವನು ಕೊಟ್ಟ ಮುಂಗಡ ಮತ್ತು ತಿಂಗಳ ಬಾಡಿಗೆಯ ಕಂತಿನಲ್ಲಿ ಧೂಳು ಹೊಗದ ಗಟ್ಟಿ ಲ್ಯಾಪ್‌ಟಾಪ್ ಎರಡು ಕೊಂಡೆವು. ಒಂದು ಕೈಕೊಟ್ಟರೆ ಇನ್ನೊಂದು ವ್ಯಾನಿನಲ್ಲೇ ಇರುತ್ತದೆ. ಪರೀಕ್ಷೆಯ ವಿವರಗಳಿಗೆ ಪ್ರತಿ ಸಂಜೆ ಇನ್ನೊಂದು ನಕಲು. ಮದರ್‌ಬೋರ್ಡ್ ಬಂದು, "ಸರ್ವಿಸ್ ಬೇಡ್ವಾ ಮೇಡಂ?" ಎಂದ. ನಮ್ಮ ಮದರ್‌ಬೋರ್ಡ್ ಸರಿಯಾಯಿತು, ನೀವು ಹೋಗಿಬನ್ನಿ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಮೊನ್ನೆ ಮಂಗಳವಾರ ಕ್ವಾರಿಗೆ ಹೋದೆವು. ಜಲ್ಲಿಯಕ್ಕ ತೋಳನ್ನು ಕೊರಳಿಗೆ ಕಟ್ಟಿಕೊಂಡು ಅದೇ ಬೆಂಚಿನಲ್ಲಿ ಕೂತಿದ್ದಳು. ಎರಡೂ ಕಿವಿಗೆ ಯಂತ್ರ ಹೊಂದಿಸಿದೆ. ಪರದೆ ಒಮ್ಮೆಯೂ ಮಿಣುಕಲಿಲ್ಲ. ಹೊರಗೆ ಡ್ರೈವರು ವ್ಯಾನಿಗೆ ಒರಗಿ ಎಂದಿನಂತೆ ಹಾಡಿಕೊಳ್ಳುತ್ತಿದ್ದ. ಅವಳು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮುಖ ಕಿವುಚಿ, "ಈ ಮನುಷ್ಯ ಇಷ್ಟು ದಿನ ಹೀಗೇ ಹಾಡ್ತಾ ಇದ್ನಾ? ನೀವೆಲ್ಲ ಹೇಗೆ ತಡ್ಕೊಂಡ್ರಿ?" ಎಂದಳು, ಮೆಲ್ಲಗಿನ ದನಿಯಲ್ಲಿ. ಅವಳ ಮೆಲ್ಲಗಿನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮನ್ನು ಹೋಗಲು ಬಿಡಲಿಲ್ಲ, ಸೈರನ್ ಆಗಲಿ ಎಂದಳು. ಕೂತೆವು. ಅದು ಕೂಗಿದಾಗ ಅವಳು ಯಾರ ಕಡೆಯೂ ನೋಡದೆ ಎದ್ದು, ಒಳ್ಳೆಯ ಕೈಯಿಂದ ನನ್ನ ತೋಳು ಹಿಡಿದು ಎಳೆದುಕೊಂಡು ಗೋಡೆಯ ಮರೆಗೆ ಓಡಿದಳು. ಬಂಡೆ ಸಿಡಿದ ಸದ್ದಿಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತೋಳು ವಾಸಿಯಾದ ಮೇಲೆ ಭಾರ ಹೊರಲಾದೀತೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಅದನ್ನು ಯಾವ ಲ್ಯಾಪ್‌ಟಾಪೂ ಸರಿ ಮಾಡುವುದಿಲ್ಲ. ಅವಳ ಫೋಟೋ ತೆಗೆಯಲಿಲ್ಲ. ಕೇಳಬೇಡ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹಲ್ಲು ಕೀಳಿಸಿಕೋ ಎಂದೂ ಹೇಳಿದ್ದಾಳೆ. ಡ್ರೈವರು ನಮಸ್ಕಾರ ಹೇಳಿದ. ಟೈಲರಿಗೆ ನಿನ್ನ ಪರಿಚಯವಿಲ್ಲ, ಆದರೂ ಕೋಣೆ ತಂಪಾಗಿದೆ ಎಂದು ತಿಳಿಸಲು ಹೇಳಿದ. ಮೈ ನೋಡಿಕೋ. ನಿನ್ನ ಮೇಲೆ ನನಗೆ ಎಷ್ಟು ತಿರಸ್ಕಾರವಿದೆಯೋ ಅದರಲ್ಲಿ ಮುಕ್ಕಾಲು ಪಾಲು ಪ್ರೀತಿ ಹಳಸಿ ಆದದ್ದು, ಅದು ನಿನಗೂ ಗೊತ್ತು.

ಇಂತಿ ನಿನ್ನ,
ತಂಗಿ

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಇಪ್ಪತ್ತು ಕಂಪ್ಯೂಟರ್‌ಗಳ ಲಾರಿ ಗೇಟಿಗೆ ಬಂದು ನಿಂತಿದೆ. ಎಲ್ಲಿ ಇಳಿಸಲಿ ಎಂದು ಲಾರಿಯವನು ಕೇಳಿದ. ನಿನ್ನ ಗೆಸ್ಟ್ ಹೌಸಿನ ವಿಳಾಸ ಬರೆದುಕೊಟ್ಟೆ. ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಹಾಗಾಗಿ ನೀನು ಇದನ್ನು ಓದುವ ಹೊತ್ತಿಗೆ ಅವು ಬಾಗಿಲಲ್ಲಿರುತ್ತವೆ. ಎರಡೂ ಕಡೆಯ ಬಾಡಿಗೆ ನೀನೇ ಕೊಡಬೇಕು. ಲಾರಿಯವನು ಬೆಳಗಿನಿಂದ ಏನೂ ತಿಂದಿಲ್ಲ, ಪಾಪ, ಒಳ್ಳೆಯವನು. ಮೊದಲು ಅವನಿಗೆ ಊಟ ಹಾಕಿಸು.