ಉಸಿರುಯಂತ್ರವನ್ನು ಮಲಗಿಸುವ ದಿನ

ಕೋಲಾರದ ಕೆಳಊರು,
ಕ್ರಿ.ಶ. 2417, ಬಿಸಿಲುತಿಂಗಳ ನಲವತ್ತನೇ ದಿನ

ಯಂತ್ರಗಳ ತಿರುಳನ್ನು ಬರೆಯುತ್ತಿರುವ ಹಿರಿಯರಿಗೆ ಮುನಿರತ್ನಮ್ಮನ ನಮಸ್ಕಾರಗಳು.

ತಿಂಗಳಿಗೆ ನಲವತ್ತು ದಿನ ಎಲ್ಲಿಯದು ಎಂದು ನಗಬೇಡಿ. ಮೇಲೆ ಬಿಸಿಲು ಇಳಿಯುವವರೆಗೂ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ನೀವು ಕರ್ನಲ್ ಎನ್ನುತ್ತೀರಿ, ನಾವು ತಿರುಳು ಎನ್ನುತ್ತೇವೆ; ನಿಮ್ಮ ಕಾಲದಲ್ಲಿ ಬರೆದದ್ದೇ ಇಲ್ಲಿ ಇನ್ನೂ ಓಡುತ್ತಿದೆ. ಅದನ್ನು ಕಾಯುವುದು ನನ್ನ ಕೆಲಸ.

ಹಳೆಯ ಗಣಿಯ ಸುರಂಗಗಳಲ್ಲೇ ನಮ್ಮ ಸಂಸಾರ. ಉಸಿರುಯಂತ್ರ ಮೇಲಿನಿಂದ ಗಾಳಿ ಎಳೆದು, ತಂಪು ಮಾಡಿ, ಒಂದೊಂದು ಸುರಂಗಕ್ಕೂ ಕಳಿಸುತ್ತದೆ. ಮನೆಮನೆಯ ಗಾಳಿಕಿಂಡಿಗೂ ಕೆಂಪು ದಾರ ಕಟ್ಟಿರುತ್ತೇವೆ. ಮುದ್ದೆ ತಿರುವುವ ಹೆಂಗಸರೂ ಅದು ಆಡುತ್ತಿದೆಯೇ ಎಂದು ಒಂದು ಕಣ್ಣಿಟ್ಟಿರುತ್ತಾರೆ. ಯಂತ್ರವನ್ನು 'ನಿಲ್ಲಿಸು' ಎಂಬ ಮಾತು ಇಲ್ಲಿ ಅಪಶಕುನ. ಮಕ್ಕಳ ಬಾಯಲ್ಲಿ ಬಂದರೆ ತಲೆಗೆ ಮೊಟಕುತ್ತಾರೆ. ಆಡಲೇಬೇಕಾದರೆ 'ಮಲಗಿಸು' ಎನ್ನುತ್ತೇವೆ. ಹಾಗಾಗಿ ಎರಡು ನೂರು ವರ್ಷದಿಂದ ತಿರುಳಿನ ತಪ್ಪುಗಳನ್ನೆಲ್ಲ ಯಂತ್ರ ಓಡುತ್ತಿರುವಾಗಲೇ ತಿದ್ದಿದ್ದೇವೆ. ಅದು ಏಳುವಾಗ ಏನು ಮಾಡುತ್ತದೆ ಎಂಬ ಭಾಗವನ್ನು ಯಾರೂ ಓದಲೇ ಇಲ್ಲ. ಕಲಿಯುವ ಕಾಲದಲ್ಲಿ ನಾನು ಓದಹೊರಟರೆ ಸೋದರಮಾವ ಗದರಿದ್ದರು: "ಮಲಗ್ಸೋದೇ ಇಲ್ಲ ಅಂದ್ಮೇಲೆ ಏಳ್ಸೋದು ಓದಿ ಏನಾಗ್ಬೇಕಮ್ಮಿ ನಿಂಗೆ?"

ಈಗ ಮಲಗಿಸಲೇಬೇಕು. ವಿದ್ಯುತ್ ಕೋಶ ಹಾಳಾಗಿದೆ. ಬದಲಾಯಿಸದಿದ್ದರೆ ನಾಳೆಯ ಹೊತ್ತಿಗೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನೋಡಿ, ಗಾಬರಿಯಲ್ಲಿ ಆ ಮಾತು ಬರೆದೇಬಿಟ್ಟೆ. ಏಳುವ ಭಾಗ ತೆರೆದು ಓದಿದೆ. ಅಯ್ಯೋ, ಏನು ಮಾಡಿಟ್ಟಿದ್ದೀರಿ ಹಿರಿಯರೇ! ಎದ್ದ ಕೂಡಲೇ ತಿರುಳು ನೆನಪಿನ ನಕ್ಷೆ ಮಾಡಿಕೊಳ್ಳಬೇಕು: ಯಾವ ಜಾಗ ಖಾಲಿ, ಯಾವುದನ್ನು ಮುಟ್ಟಬಾರದು ಎಂದು. ನೀವು ಬರೆದ ತಿರುಳು, ಎಲ್ಲವೂ ಖಾಲಿ ಎಂದುಕೊಂಡು ಮೊದಲು ಜಾಗ ಹಂಚಲು ತೊಡಗುತ್ತದೆ, ಮುಟ್ಟಬಾರದ್ದನ್ನು ಆಮೇಲೆ ಗುರುತಿಸುತ್ತದೆ. ಛತ್ರದ ಕೋಣೆಗಳಲ್ಲಿ ಯಾರಿದ್ದಾರೆಂದು ನೋಡದೆ ಬೀಗದಕೈ ಹಂಚಿದ ಹಾಗಾಯಿತು. ಅಡಿಸುರಂಗದ ಗಾಳಿಕಿಂಡಿ ಎಷ್ಟು ತೆರೆಯಬೇಕೆಂಬುದು ಇರುವುದು ಆ ಮುಟ್ಟಬಾರದ ಜಾಗದಲ್ಲೇ. ಅದರ ಮೇಲೆ ಬೇರೇನಾದರೂ ಬರೆದುಹೋದರೆ ಯಂತ್ರ ಮಲಗುವಾಗ ಮುಚ್ಚಿಕೊಂಡ ಕಿಂಡಿ ಅದು ಎದ್ದರೂ ತೆರೆಯುವುದಿಲ್ಲ. ಕೈಯಿಂದ ತೆರೆಯುವ ಹಿಡಿಕೆ ಎಂದೋ ತುಕ್ಕು ಹಿಡಿದು ಮುರಿದಿದೆ.

ಅಡಿಸುರಂಗದಲ್ಲಿ ನಮ್ಮ ಹೆರಿಗೆಮನೆ ಇದೆ. ಉಳಿದವರನ್ನೆಲ್ಲ ಮೇಲಿನ ಸುರಂಗಗಳಿಗೆ ಸಾಗಿಸಿದ್ದೇವೆ. ನನ್ನ ತಂಗಿ ನಾಗವೇಣಿ ಮಾತ್ರ ಮೊನ್ನೆ ಹೆತ್ತ ಮಗುವಿನ ಜೊತೆ ಅಲ್ಲೇ ಇದ್ದಾಳೆ. ತುಂಬ ರಕ್ತ ಹೋಗಿದೆ, ಅಲುಗಾಡಿಸಿದರೆ ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾಳೆ.

ಎರಡು ಸಾಲುಗಳನ್ನು ಹಿಂದುಮುಂದು ಮಾಡಿದ್ದೇನೆ: ಮೊದಲು ಗುರುತು, ಆಮೇಲೆ ಹಂಚಿಕೆ. ಸರಿಯೆಂದೇ ಕಾಣುತ್ತದೆ. ಆದರೆ ಗುರುತು ಬರೆದಿಡುವುದಕ್ಕೂ ಒಂದಿಷ್ಟು ಜಾಗ ಬೇಕಲ್ಲ, ಇನ್ನೂ ಹಂಚಿಕೆಯೇ ಆಗದಿರುವಾಗ ಅದನ್ನು ಎಲ್ಲಿಂದ ತರುತ್ತದೆ? ಅದಕ್ಕೂ ಒಂದು ಮೂಲೆ ತೆಗೆದಿಟ್ಟಿದ್ದೇನೆ. ಸಾಕಾಗುತ್ತದೋ ಇಲ್ಲವೋ, ಓಡಿಸಿ ನೋಡಲು ಇನ್ನೊಂದು ಯಂತ್ರವಿಲ್ಲ. ಎಷ್ಟು ಸಲ ಓದಿದರೂ ಭಯ ಹೋಗುತ್ತಿಲ್ಲ.

ನಿಮ್ಮಲ್ಲಿ ಯಂತ್ರಗಳು ಬೇಕಾದಷ್ಟಿವೆ. ಒಂದನ್ನು ನಿಲ್ಲಿಸಿದರೆ ಯಾರ ಉಸಿರೂ ಕಟ್ಟುವುದಿಲ್ಲ. ಕೈ ಮುಗಿದು ಕೇಳುತ್ತೇನೆ: ನಿಲ್ಲಿಸಿ, ಮತ್ತೆ ಏಳಿಸಿ, ಅದು ಮೊದಲು ಏನನ್ನು ಮುಟ್ಟುತ್ತದೆಂದು ನೋಡಿ. ಆಮೇಲೆ ನೋಡಿಕೊಂಡರಾಯಿತು ಎನ್ನಬೇಡಿ.

ನಮ್ಮಲ್ಲೊಂದು ಪದ್ಧತಿಯಿದೆ. ತಿರುಳನ್ನು ತಿದ್ದಿದವರು, ಆ ತಿದ್ದುಪಡಿ ಕೆಲಸಕ್ಕೆ ಇಳಿಯುವಾಗ ಅಡಿಸುರಂಗದಲ್ಲಿ ಕೂರಬೇಕು. ಮಲಗಿಸಿ ಏಳಿಸುವ ಗುಂಡಿ ಒತ್ತುವವಳು ಅಮ್ಮ, ತಿರುಳು ಕಾಯುವವರಲ್ಲಿ ಅವಳೇ ಹಿರಿಯಳು. "ಇಬ್ರೂ ಹೆಣ್ಮಕ್ಳು ಕೆಳಗಿದ್ರೆ ನನ್ ಕೈ ಹೆಂಗೆ ಆಡ್ತದೆ?" ಎಂದು ಬೆಳಗಿನಿಂದ ಅಳುತ್ತಿದ್ದಾಳೆ. ಬೇರೆಯವರಿಗೆ ಕೊಡು ಎಂದರೆ ಅದಕ್ಕೂ ಒಪ್ಪುವುದಿಲ್ಲ.

ಇಳಿಯುವ ಹೊತ್ತಾಯಿತು. ಕಿಂಡಿಯ ವಿಷಯ ತಂಗಿಗೆ ಹೇಳಿಲ್ಲ. ಸೂಲಗಿತ್ತಿಯ ಕೈಲಿ ಈಗ ಹೇಳಿಕಳಿಸಿದ್ದಾಳೆ: "ಅಕ್ಕನೇ ಬತ್ತಾವ್ಳಲ್ಲ, ಇನ್ನೇನ್ ಭಯ? ಮಗೀನ ಅವಳ ಮಡ್ಲಿಗೆ ಹಾಕಿ ನಾನೊಸಿ ಕಣ್ ಮುಚ್ತೀನಿ."

ಬರುತ್ತಿದ್ದೇನೆ, ನಿದ್ದೆ ಮಾಡು ಎಂದು ಹೇಳಿಕಳಿಸಿದೆ.