ಒಂದು ಗೆರೆ ಆಚೆ

ಭಾನುವಾರ, ಮಧ್ಯಾಹ್ನ
ಜೂನ್ ೧೫

ಪುಟ್ಟೀ,

ನಿನ್ನ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅಪ್ಪನಿಗೆ ಕಣ್ಣು ಕಾಣುತ್ತಿದೆಯೋ ಇಲ್ಲವೋ. ಹೌದು ಅಥವಾ ಇಲ್ಲ, ಅಷ್ಟೇ ಬರೆ, ಸುತ್ತಿ ಬಳಸಬೇಡ ಎಂದಿದ್ದೀ. ಕಾರು ಗೇಟಿನ ಕಂಬಕ್ಕೆ ಉಜ್ಜಿದ್ದನ್ನು ಚಿಕ್ಕಪ್ಪ ಹೇಳಿರಬೇಕು. ಅವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಕಾಣದಿದ್ದರೆ ಇವತ್ತೇ ಕಾರು ಬಿಡಿಸು, ಯಾರಾದರೂ ಸತ್ತ ಮೇಲೆ ಅಲ್ಲ ಎಂದೂ ಬರೆದಿದ್ದೀ.

ನಿನಗೆ ಏನೂ ತಿಳಿಸಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹಾಗಾಗಿ ಕಣ್ಣಿನ ವಿಷಯ ಬರೆಯುವುದಿಲ್ಲ. ಇವತ್ತು ಬೆಳಿಗ್ಗೆ ಅವರು ಕಾರಿನ ಎಂಜಿನ್ ಬೆಲ್ಟ್ ಬದಲಾಯಿಸಿದರು. ಅದನ್ನು ಬರೆಯುತ್ತೇನೆ.

ಒಂದು ವಾರದಿಂದ ಕಾರು ಹೊರಡುವಾಗಲೆಲ್ಲ ಬೆಲ್ಟ್ ಕಿರ್ರೆಂದು ಕೂಗುತ್ತಿತ್ತು. ವರ್ಕ್‌ಶಾಪಿಗೆ ಬಿಡೋಣ ಎಂದೆ. ಮೂವತ್ತು ವರ್ಷ ಡಿಪೋದಲ್ಲಿ ಬಸ್ಸುಗಳ ಹೊಟ್ಟೆ ಬಗೆದವರಿಗೆ ಹೇಳುವ ಮಾತೇ ಅದು? ಅವರು ಹೊಸ ಬೆಲ್ಟಿನ ಡಬ್ಬಿ ನನ್ನ ಕೈಗಿಟ್ಟು, ಕನ್ನಡಕ ಒಳಗಿದೆ, ನಂಬರು ನೀನೇ ಓದು ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ಓದಿದೆ.

ಶೆಡ್ಡಿನೊಳಗೆ ಮಬ್ಬು. ಟಾರ್ಚ್ ತಂದು ಬಾನೆಟ್ಟಿನ ಕೆಳಗೆ ಹಿಡಿದೆ. ಅದನ್ನ ನಿನಗೇ ಹಿಡಿದುಕೋ, ಸ್ಪ್ಯಾನರ್ ಎಡವಿ ಬಿದ್ದೀಯ ಎಂದು ನಕ್ಕರು. ಬಿಚ್ಚುವ ಮೊದಲು ಬೆಲ್ಟ್ ಯಾವ ಪುಲ್ಲಿಯ ಮೇಲಿಂದ ಹೋಗಿ ಯಾವುದರ ಅಡಿಯಿಂದ ಬರುತ್ತದೆಂದು ಬರೆದಿಟ್ಟುಕೊಳ್ಳಬೇಕಂತೆ. ಇಲ್ಲದಿದ್ದರೆ ಎಂಥ ಜಾಣರೂ ಆಮೇಲೆ ಪಿಳಿಪಿಳಿ ಕಣ್ಣು ಬಿಡುತ್ತಾರಂತೆ. ಅಚ್ಚುಮನೆಯಿಂದ ತಂದ ಪ್ರೂಫ್ ಹಾಳೆಯ ಬೆನ್ನಿಗೆ ನಾನು ಚಿತ್ರ ಬರೆದೆ. ಅವರು ಅದನ್ನು ಒಮ್ಮೆಯೂ ನೋಡಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿ, ಬಿಗಿ ಹಿಡಿಯುವ ಗಾಲಿಯನ್ನು ಸ್ಪ್ಯಾನರಿನಿಂದ ಹಿಂದಕ್ಕೆ ಎಳೆದು, ಹಳೆಯ ಬೆಲ್ಟ್ ಜಾರಿಸಿದರು. ಬೆರಳ ಸಂದಿಯಲ್ಲಿ ಅದನ್ನು ಉದ್ದಕ್ಕೂ ಹರಿಯಬಿಟ್ಟು ಒಂದು ಕಡೆ ನಿಲ್ಲಿಸಿ ಬಗ್ಗಿಸಿದರು. ಬಗ್ಗಿಸಿದ ಮೇಲೆಯೇ ಅಲ್ಲಿನ ಬಿರುಕು ನನಗೆ ಕಂಡದ್ದು.

ಹೊಸದನ್ನು ತೊಡಿಸಿ, ಸರಿಯಾಗಿ ಕೂತಿದೆಯಾ ನೋಡು ಎಂದರು. ಪುಲ್ಲಿಯ ಮೈಮೇಲೆ ಆರು ಗೆರೆ ಕೊರೆದಿರುತ್ತವೆ, ಬೆಲ್ಟಿನ ಒಳಮೈಯ ಆರು ಏಣು ಅವುಗಳಲ್ಲಿ ಕೂರಬೇಕು. ಇಪ್ಪತ್ತಾರು ವರ್ಷದಿಂದ ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿರುವವಳು ನಾನು. ಅಲ್ಪವಿರಾಮ ತಪ್ಪಿದ್ದರೂ ಕಣ್ಣಿಗೆ ಮುಳ್ಳಾಗುತ್ತದೆ. ಒಂದೊಂದು ಪುಲ್ಲಿಗೂ ಟಾರ್ಚ್ ಬಿಟ್ಟು ನೋಡಿ, ಸರಿಯಾಗಿದೆ ಎಂದೆ.

ಅವರು ಕೆಳಗಿನ ಪುಲ್ಲಿಯ ಅಂಚಿಗೆ ಹೆಬ್ಬೆರಳಿಟ್ಟು ಹಾಗೇ ನಿಂತರು. ಮುಖ ಗೋಡೆಯ ಕಡೆಗಿತ್ತು, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವವರ ಹಾಗೆ.

"ಒಂದು ಗೆರೆ ಆಚೆ ಕೂತಿದೆ ಕಣೇ."

ಸೀರೆಗೆ ಗ್ರೀಸ್ ಹತ್ತುವಷ್ಟು ಬಗ್ಗಿ ನೋಡಿದೆ. ಐದು ಏಣು ಒಳಗೆ. ಒಂದು ಹೊರಗೆ, ಗಾಳಿಯಲ್ಲಿ. ಹಾಗೇ ಎಂಜಿನ್ ಹಾಕಿದ್ದರೆ ಬೆಲ್ಟ್ ಹರಿದುಹೋಗುತ್ತಿತ್ತಂತೆ. ನಮ್ಮ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಆ ಹೆಬ್ಬೆರಳು ನನ್ನ ಕಣ್ಣೆದುರಿಗೇ ಅನ್ನ ಕಲಸಿದೆ, ನಿನ್ನ ಹಾಲುಹಲ್ಲು ಅಲ್ಲಾಡಿಸಿ ನೋಡಿದೆ. ನಾನು ಅದನ್ನು ಸರಿಯಾಗಿ ನೋಡಿದ್ದು ಇವತ್ತೇ.

ಸರಿಪಡಿಸಿ ಎಂಜಿನ್ ಹಾಕಿದಾಗ ಸಣ್ಣ ಕೂಗೂ ಇಲ್ಲ. ಬೆಲ್ಟ್ ಓಡುತ್ತಿದೆಯೋ ನಿಂತಿದೆಯೋ ನನಗೆ ತಿಳಿಯಲಿಲ್ಲ. ಅವರು ಬಾನೆಟ್ಟಿನ ಅಂಚಿಗೆ ಅಂಗೈ ಊರಿ ಬಹಳ ಹೊತ್ತು ನಿಂತಿದ್ದರು. ನೀನು ಹೇಳಿದ ಮಾತನ್ನು ಬೆಳಿಗ್ಗೆಯಿಂದ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆ ಕೈಯನ್ನು ಕಂಡ ಮೇಲೆ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಹೇಗೆ ಹೇಳಲಿ? ಹಾಗೆ ಹೇಳಲಾಗದಂತೆ ಮಾಡಲೆಂದೇ ಇಷ್ಟೆಲ್ಲ ಮಾಡಿದರೇನೋ ಎಂಬ ಅನುಮಾನವೂ ಬಂತು. ಹೇಳಲಿಲ್ಲ. ನಾಳೆ ಹೇಳುತ್ತೇನೆಂಬ ಧೈರ್ಯವೂ ಇಲ್ಲ. ನೀನು ಕೇಳಿದ ಒಂದು ಪದಕ್ಕೆ ನನ್ನಿಂದಾದ ಉತ್ತರ ಇಷ್ಟೇ.

ನಿನ್ನ,
ಅಮ್ಮ

ತಾ.ಕ.: ಕಾಗದ ಮಡಿಚುತ್ತಿದ್ದಾಗ ಅಪ್ಪ ಬಂದರು. ಏನು ಬರೆದೆ ಎಂದು ಕೇಳಲಿಲ್ಲ. ಲಕೋಟೆ ಎಲ್ಲಿದೆ ಎಂದು ಮೇಜಿನ ಮೇಲೆ ತಡವಿ ಹುಡುಕಿ, ಕಾರಿನ ಎರಡೂ ಕೀಗಳನ್ನು ಒಳಗೆ ಹಾಕಿದರು. "ಬೆಲ್ಟ್ ಇನ್ನು ಐದಾರು ವರ್ಷ ಬರುತ್ತೆ ಅಂತ ಬರಿ. ಇನ್ನು ಅವಳು ಓಡಿಸುವಾಗ ದಾರೀಲಿ ತೊಂದರೆ ಆಗಬಾರದು" ಎಂದರು. ಅಂಟಿಸಲು ಪಕ್ಕದಲ್ಲೇ ಕಾಯುತ್ತ ನಿಂತಿದ್ದಾರೆ.