ಇನ್ನೊಂದು ರೀಲು ಇದೆ

ಭಾನುವಾರ, ಮಾರ್ಚ್ ೧೭

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಕುತ್ತಿಗೆ ಹಿಡಿದುಕೊಂಡಿತ್ತು ಎನ್ನುವುದು ನೆಪ. ನಿಜ ಹೇಳಬೇಕೆಂದರೆ, ಕೆಲಸ ಮುಗಿಸಿಯೇ ಬರೆಯೋಣ ಎಂದು ಕಾದೆ. ಆಪರೇಷನ್ ಆದ ಮಂಡಿ ಹೇಗಿದೆ? ಮಗಳ ಮನೆಯಲ್ಲಿ ಕೂತು ಉಣ್ಣುವ ಸುಖವನ್ನು ಇಷ್ಟು ಬೇಗ ಬಿಡಬೇಡ. ಇಲ್ಲಿಗೆ ಬಂದರೆ ನಿನ್ನ ಮಾವನವರ ಮುಖ ನೋಡಬೇಕಾಗುತ್ತದೆ, ಅದು ಈಗ ನೋಡುವ ಹಾಗಿಲ್ಲ.

ಅವರ ಟಾಕೀಸಿನ ಕೊನೆಯ ಆಟ ಮೊನ್ನೆ ಶುಕ್ರವಾರ ಮುಗಿಯಿತು. "ವಯಸ್ಸಾದವರು, ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೋ, ಬಾಯಿ ಮುಚ್ಚಿಕೊಂಡು ಚಿತ್ರ ನೋಡಿ ಬಾ" ಎಂದು ಬರೆದಿದ್ದೆಯಲ್ಲ, ಹಾಗೆಯೇ ಮಾಡಿದೆ. ಒಳಗೆ ಹೋದ ಮೇಲೆ ತುಟಿ ಬಿಚ್ಚಿದ್ದರೆ ಕೇಳು.

ಹಾಕಿದ್ದು ನಮ್ಮ ಬಿಲ್ಲುಗಾರನ ಚಿತ್ರವನ್ನೇ. ಅವನ ಯಾವ ಚಿತ್ರ ಬಂದರೂ, ಆಗ ಅಲ್ಲಿ ಆಪರೇಟರ್ ಆಗಿದ್ದ ಅಪ್ಪ ನಮ್ಮಿಬ್ಬರನ್ನೂ ಪ್ರೊಜೆಕ್ಟರ್ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿ ಕಿಂಡಿಯಿಂದ ತೋರಿಸುತ್ತಿದ್ದ, ನೆನಪಿದೆಯೇ? ಮನೆಗೆ ಬಂದರೆ ಮುರಿದ ಕೊಡೆಯ ಕಡ್ಡಿಯೇ ಬಿಲ್ಲು. ನೀನು ಯಾವಾಗಲೂ ಬಿಲ್ಲುಗಾರ, ನಾನು ಕೋಟೆಯ ದುಷ್ಟ ಅಧಿಕಾರಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಓಡುವುದೇ ನನ್ನ ಪಾಲು. ಕಪ್ಪು ಬಿಳುಪು ಚಿತ್ರದಲ್ಲಿ ಅವನ ಟೋಪಿ ಹಸಿರೋ ಕೆಂಪೋ ಎಂದು ಜಡೆ ಹಿಡಿದು ಕಿತ್ತಾಡಿದಾಗ ಅಪ್ಪ, "ಬಲಗಡೆ ಕೂತೋರಿಗೆ ಹಸಿರು, ಎಡಗಡೆ ಕೂತೋರಿಗೆ ಕೆಂಪು, ಸಾಕಾ?" ಅಂದಿದ್ದ.

ಆಮೇಲೆ ಆ ಜ್ವರದ ದಿನ ಬಂತು. ಮೈ ಸುಡುತ್ತಿದ್ದರೂ ಅಪ್ಪ ಕೆಲಸಕ್ಕೆ ಹೋಗಿ ಇದೇ ಚಿತ್ರದ ಕೊನೆಯ ಎರಡು ರೀಲುಗಳನ್ನು ಅದಲುಬದಲು ಮಾಡಿಬಿಟ್ಟ. ಬಿಲ್ಲುಗಾರ ಮೊದಲು ಸತ್ತ, ಸಂಗಾತಿಗಳು ಟೋಪಿ ತೆಗೆದು ಅತ್ತರು. ಮರುಕ್ಷಣ ಅವನೇ ಕೋಟೆಯ ಗೋಡೆಯ ಮೇಲೆ ನಿಂತು ಅಧಿಕಾರಿಯ ಎದೆಗೆ ಬಾಣ ಬಿಟ್ಟ! ಜನ ಕುರ್ಚಿ ಹತ್ತಿ ಶಿಳ್ಳೆ ಹೊಡೆದರು. ಆ ಗದ್ದಲ ಕೇಳಿದ ನಿನ್ನ ಮಾವನವರು, "ತಿದ್ದೋಕೆ ಹೋಗ್ಬೇಡ, ದಿನಾ ಹೀಗೇ ಇರ್ಲಿ" ಅಂದರು. ಚಿತ್ರದ ಕಂಪನಿಯವರು ಬಂದು ಕೂಗಾಡಿದಾಗ ಮಾತ್ರ, "ಆಪರೇಟರ್ ಕುಡುಕ, ಎಲ್ಲಾ ಅವನದೇ ತಪ್ಪು" ಎಂದು ಊರೆದುರಿಗೆ ಅಪ್ಪನ ಕತ್ತು ಹಿಡಿದು ದಬ್ಬಿದರು. ಚಹಾ ಬಿಟ್ಟು ಬೇರೇನನ್ನೂ ಮುಟ್ಟದ ಅಪ್ಪ ಊರ ಬಾಯಲ್ಲಿ ಕುಡುಕನಾದ. ಮತ್ತೆ ಯಾವ ಟಾಕೀಸೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ವರ್ಷ ತುಂಬುವ ಮೊದಲೇ ಹೋಗಿಬಿಟ್ಟ.

ಇಷ್ಟು ನಿನಗೂ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ ಕೇಳು. ಆಟಕ್ಕೆ ಮುಂಚೆ ಈಗಿನ ಆಪರೇಟರ್ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ. "ಅಮ್ಮಾ, ಯಜಮಾನ್ರು ಹಳೇ ಥರಾನೇ ಹಾಕು ಅಂತಾರೆ. ಯಾವ ರೀಲು ಹಿಂದೆಮುಂದೆ ಮಾಡ್ಬೇಕು ಅಂದ್ರೆ ಅವರಿಗೇ ಗೊತ್ತಿಲ್ಲ. ನಿಮ್ಮನ್ನ ಕೇಳು ಅಂದ್ರು."

ಹೇಗೆ ಗೊತ್ತಿರುತ್ತದೆ? ಆ ಮನುಷ್ಯ ಟಿಕೆಟ್ ಗೇಟು ಬಿಟ್ಟು ಬಂದು ಒಂದು ದಿನವೂ ಪೂರ್ತಿ ಚಿತ್ರ ನೋಡಿದವರಲ್ಲ.

"ಡಬ್ಬಿ ಮೇಲೆ ನಂಬರ್ ಇದೆಯಲ್ಲಪ್ಪಾ, ಅದರ ಪ್ರಕಾರ ಹಾಕಿಬಿಡಿ. ಅದೇ ಹಳೇ ಥರ" ಅಂದೆ.

"ಅಷ್ಟೇನಾ?"

"ಅಷ್ಟೇ" ಅಂದು ಕಾಲರ್ ಹೊಲಿಯಲು ಕೂತೆ. ಹೊಲಿಗೆ ನೇರವಾಗಿಯೇ ಬಿತ್ತು.

ಶುಕ್ರವಾರ ನಿನ್ನ ಮಾವನವರು ಹೂವಿನ ಹಾರ ಹಾಕಿಸಿಕೊಂಡು ಮೈಕ್ ಹಿಡಿದರು. "ಸತ್ತ ಬಿಲ್ಲುಗಾರ ಎದ್ದು ಬರೋದು ನಮ್ಮ ಟಾಕೀಸಲ್ಲಿ ಮಾತ್ರ! ಅದು ಈ ತಲೆಯಿಂದ ಬಂದ ಉಪಾಯ" ಎಂದು ಬೋಳುತಲೆ ತಟ್ಟಿಕೊಂಡರು. ಬೈಗುಳವಾಗಿದ್ದಾಗ ಅಪ್ಪನದು, ಚಪ್ಪಾಳೆಯಾದ ಮೇಲೆ ಅವರದು. ನಾನು ಹಲ್ಲು ಕಚ್ಚಿಕೊಂಡು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಚಿತ್ರ ಸರಿಯಾಗಿಯೇ ಓಡಿತು. ಅಧಿಕಾರಿ ಸತ್ತ, ಆಮೇಲೆ ಬಿಲ್ಲುಗಾರ ಸತ್ತ, ಸಂಗಾತಿಗಳು ಅತ್ತರು. ಪರದೆ ಬೆಳ್ಳಗಾಯಿತು. ಜನ ಎದ್ದು ನಿಂತಾಗ ನಿನ್ನ ಮಾವನವರು ಕೋಲೂರಿ ಎದ್ದು, "ಇರಿ, ಇರಿ! ಕೂತ್ಕೊಳ್ಳಿ! ಇನ್ನೊಂದು ರೀಲು ಇದೆ!" ಎಂದು ಕೂಗಿದರು. ದೀಪ ಹತ್ತಿತು. ಹಿಂದಿನಿಂದ ಯಾರೋ, "ಯಜಮಾನ್ರೇ, ನೀವೇ ಹೋಗಿ ಎಬ್ಬಿಸ್ಕೊಂಡು ಬನ್ನಿ!" ಅಂದರು. ಇಡೀ ಟಾಕೀಸು ನಕ್ಕಿತು. ಅವರ ಮುಖ ಹುಳ್ಳಗಾಯಿತು. ಅಲ್ಲಿಂದ ನನ್ನ ಕಡೆ ತಿರುಗಿದರು. ನಾನು ಕಣ್ಣು ತೆಗೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು ಅಕ್ಕ. ಪಾಪ ಅನ್ನಿಸಲೇ ಇಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ಮೊಮ್ಮಗು ನೂರು ಕಾಲ ಬಾಳಲಿ, ಯಾರ ಮುಂದೆಯೂ ತಲೆ ತಗ್ಗಿಸದಿರಲಿ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತಂಗಿ

ಮರೆತ ಮಾತು: ಅಪ್ಪನಿಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದಾಗ ನೀನು ನನ್ನ ಕಿವಿಯಲ್ಲಿ ಹೇಳಿದ್ದೂ ಅದನ್ನೇ. "ಅಳಬೇಡ ಕಣೇ, ಇನ್ನೊಂದು ರೀಲು ಇದೆ." ನಾನು ನಂಬಿದೆ, ಅಳು ನಿಲ್ಲಿಸಿದೆ, ಅಪ್ಪ ಏಳುತ್ತಾನೆಂದು ಕಾದೆ. ಅಪ್ಪ ಏಳಲಿಲ್ಲ. ನೀನು ಆ ಟಾಕೀಸಿನವರ ಮನೆಗೆ ಸೊಸೆಯಾಗಿ ಹೊರಟ ದಿನ ಎಲ್ಲರೂ ಬೈದರೂ ನಾನು ಬೈಯಲಿಲ್ಲ. ಅಕ್ಕ ಒಳಗೆ ಸೇರಿಕೊಂಡು ಅಪ್ಪನಿಗಾಗಿ ಏನೋ ಮಾಡುತ್ತಾಳೆ, ಅದಕ್ಕೇ ಹೋಗುತ್ತಿದ್ದಾಳೆ ಎಂದುಕೊಂಡಿದ್ದೆ. ಬಿಲ್ಲು ಯಾವಾಗಲೂ ನಿನ್ನ ಕೈಯಲ್ಲೇ ಇರುತ್ತಿತ್ತಲ್ಲ.